ಬುಟ್ಟಿ ಹಿಡಿದವರು

ನಮ್ಮ ಶ್ರೀನಿವಾಸಪುರದ ಮೋಟಾರು ರೇಸಿನ ಬಗ್ಗೆ ಈಗ ಬಾಯಿಗೆ ಬಂದಂತೆ ಮಾತಾಡುವವರಲ್ಲಿ ಮುಕ್ಕಾಲು ಪಾಲು ಜನ ಅದನ್ನು ಕಣ್ಣಾರೆ ಕಂಡವರಲ್ಲ. ಚಿನ್ನದ ಗಣಿಯ ದೊರೆಗಳು ಅದನ್ನು ಶುರು ಮಾಡಿದರು ಅನ್ನುತ್ತಾರೆ. ದೊರೆಗಳಿಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಶುರು ಮಾಡಿದ್ದು ನಮ್ಮೂರಿನ ಮಾವಿನ ತೋಪಿನ ದೊಡ್ಡನಾರಾಯಣಪ್ಪನವರು ಮತ್ತು ಮುಳಬಾಗಿಲಿನಲ್ಲಿ ಮೋಟಾರು ಸರ್ವೀಸು ಇಟ್ಟಿದ್ದ ಮುನಿರಾಮಪ್ಪ, ಅದೂ ಒಂದು ಜಗಳದಿಂದ. ಕಳಿತ ಬಾದಾಮಿ ಮಾವಿನ ಹಣ್ಣನ್ನು ಮೋಟಾರಿನಲ್ಲಿ ಕಳಿಸಿದರೆ ಮಾಲೂರು ಸ್ಟೇಷನ್ನು ಮುಟ್ಟುವಷ್ಟರಲ್ಲಿ ಅದು ಸೀಕರಣೆ ಆಗಿರುತ್ತದೆ ಎಂದು ದೊಡ್ಡನಾರಾಯಣಪ್ಪನವರು ಹಂಗಿಸಿದರು. ಒಂದು ಬುಟ್ಟಿ ಕೊಟ್ಟು ನೋಡಿ ಎಂದು ಮುನಿರಾಮಪ್ಪ ಮೀಸೆ ತಿರುವಿದ. ಅದು ಮೂವತ್ತೆರಡನೇ ಇಸವಿ. ಬಸ್ಸು ನಿಲ್ಲುವ ಕಡೆ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ನಾನು, ಅಂದರೆ ಈ ಆಂಜಿನಪ್ಪ, ಆ ಜಗಳಕ್ಕೂ ಸಾಕ್ಷಿ, ಆಮೇಲೆ ನಡೆದದ್ದಕ್ಕೂ ಸಾಕ್ಷಿ.

ಮುನಿರಾಮಪ್ಪನ ಬುಟ್ಟಿ ಸರಿಯಾಗಿಯೇ ಮಾಲೂರು ತಲುಪಿತು. ಮುಂದಿನ ಬೇಸಿಗೆಗೆ ಕೋಲಾರದವರು ನಾವೂ ಬರುತ್ತೇವೆ ಎಂದು ಕಾರು ತಂದರು. ಅದರ ಮುಂದಿನ ವರ್ಷ ಮಾಲೂರಿನ ಇಟ್ಟಿಗೆ ಗೂಡಿನ ಸಾಹುಕಾರರೂ ಸೇರಿಕೊಂಡರು. ಹೀಗೆ ವರ್ಷ ವರ್ಷ ಬಾದಾಮಿ ಹಣ್ಣಾಗುವ ಹೊತ್ತಿಗೆ ನಮ್ಮೂರ ಬೀದಿಯಲ್ಲಿ ಪೆಟ್ರೋಲು ವಾಸನೆ ಏಳುವುದು ರೂಢಿಯಾಯಿತು. ಶ್ರೀನಿವಾಸಪುರದಿಂದ ಕೋಲಾರ, ಕೋಲಾರದಿಂದ ಮಾಲೂರು ಸ್ಟೇಷನ್ನು. ಮೊದಲು ಹೋದರೆ ಗೆದ್ದಂತಲ್ಲ. ಮೊದಲು ಹೋಗಬೇಕು, ಬುಟ್ಟಿಯಲ್ಲಿ ಒಂದು ಹಣ್ಣೂ ನಲುಗಿರಬಾರದು. ದೊಡ್ಡನಾರಾಯಣಪ್ಪನವರು ರಸ್ತೆಯ ಮಧ್ಯೆ ತೆಂಗಿನಕಾಯಿ ಒಡೆದರೆ ಕಾರುಗಳು ಹೊರಡುತ್ತಿದ್ದವು. ಗೆದ್ದವನ ಬುಟ್ಟಿ ಮದ್ರಾಸಿನ ರೈಲು ಹತ್ತುತ್ತಿತ್ತು. ಹತ್ತುವ ಮುಂಚೆ ಅವನು ಅದರ ಮೊದಲ ಹಣ್ಣನ್ನು ತೆಗೆದು ಎಲ್ಲರಿಗಿಂತ ಹಿಂದೆ ಬಂದವನ ಕೈಗೆ ಕೊಡಬೇಕಿತ್ತು. ಸೋತವನು ಆ ಹಣ್ಣನ್ನು ಪ್ಲಾಟ್‌ಫಾರ್ಮಿನ ಮೇಲೇ ತಿನ್ನಬೇಕಿತ್ತು, ರಸ ಮೊಣಕೈವರೆಗೆ ಸುರಿದರೂ ಸರಿ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇದರ ಜೊತೆಗೆ ಇನ್ನೊಂದು ನೇಮವಿತ್ತು. ಎರಡನೇ ವರ್ಷ ಯಾವನೋ ಒಬ್ಬ ಕಣ್ಣು ಮುಚ್ಚಿಕೊಂಡು ಓಡಿಸಿ ಒಂದು ಎತ್ತಿನ ಗಾಡಿಗೆ ಗುದ್ದಿದ್ದ. ಅವತ್ತು ದೊಡ್ಡನಾರಾಯಣಪ್ಪನವರು ಕೂತು ಯೋಚನೆ ಮಾಡಿ ಹೇಳಿದರು: "ಇನ್ಮೇಲೆ ಪಕ್ಕದ ಸೀಟಲ್ಲಿ ಬುಟ್ಟಿ ಹಿಡ್ಕೊಂಡು ಡ್ರೈವರ್ ಸ್ವಂತ ಮನೆಯೋರೇ ಕೂರ್ಬೇಕು. ಒಡಹುಟ್ಟಿದೋನು ಪಕ್ಕದಲ್ಲಿದ್ರೆ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತೆ." ಎಲ್ಲರೂ ಭಲೇ ಎಂದರು. ನಾನೂ ಎಂದೆ. ಮನುಷ್ಯನ ಮನಸ್ಸು ಬಲ್ಲ ಮಾತು ಅದು ಎಂದು ಎಷ್ಟೋ ಸಲ ಹೇಳಿಕೊಂಡು ಓಡಾಡಿದ್ದೇನೆ. ಆದರೆ ನೇಮದ ಜೊತೆಗೆ ಒಂದು ಒಣ ಜಂಬವೂ ಬೆಳೆಯಿತು. ಬುಟ್ಟಿ ಹಿಡಿದವನು ಎರಡೂ ಕೈಯಲ್ಲಿ ಬುಟ್ಟಿಯನ್ನೇ ತಬ್ಬಿಕೊಂಡಿರಬೇಕು, ಬೇರೆ ಏನನ್ನೂ ಮುಟ್ಟಬಾರದು. ಹೆದರಿ ಬಾಗಿಲು ಹಿಡಿದುಕೊಂಡದ್ದು ಕಂಡರೆ ದಾರಿಯುದ್ದಕ್ಕೂ ಹುಡುಗರು ಪುಕ್ಕಲ ಪುಕ್ಕಲ ಎಂದು ಕೂಗುತ್ತಿದ್ದರು. ಆ ಅವಮಾನ ವರ್ಷವಿಡೀ ಬೆನ್ನು ಬಿಡುತ್ತಿರಲಿಲ್ಲ.

ಮುನಿರಾಮಪ್ಪನ ಕಾರು ಓಡಿಸುತ್ತಿದ್ದವನು ಬೈರಕೂರಿನ ಅಪ್ಪಾಜಪ್ಪ. ಅವನ ಬುಟ್ಟಿ ಹಿಡಿಯುತ್ತಿದ್ದವನು ಅವನ ತಮ್ಮ ಕದಿರೇಶ. ತಂದೆ ಸತ್ತು ಬಹಳ ಕಾಲವಾಗಿತ್ತು. ತಾಯಿ ಬೈರಮ್ಮ ಒಂದು ತುಂಡು ಹೊಲದಲ್ಲಿ ರಾಗಿ, ಬದನೆ ಬೆಳೆದು ಇಬ್ಬರನ್ನೂ ಸಾಕಿದ್ದಳು. ಅಣ್ಣ ತಮ್ಮ ಎರಡು ವರ್ಷ ಗೆದ್ದಿದ್ದರು. ಅಪ್ಪಾಜಪ್ಪ ಮಾತಿನ ಮಲ್ಲ. ನನ್ನ ಅಂಗಡಿಗೆ ಬಂದರೆ ನನ್ನ ಸೈಕಲ್ಲುಗಳನ್ನು ನೋಡಿ, ಇವುಕ್ಕೆ ಗಾಳಿ ತುಂಬೋದಕ್ಕಿಂತ ಮೇವು ಹಾಕೋದು ವಾಸಿ ಅನ್ನುವನು. ಕದಿರೇಶ ಪಕ್ಕದಲ್ಲಿ ನಿಂತು ನಗುವನು, ಅಷ್ಟೇ. ಅಣ್ಣನ ಮಾತು ಬಿಟ್ಟರೆ ಅವನಿಗೆ ಬೇರೊಂದು ಲೋಕವಿರಲಿಲ್ಲ.

ಮೂವತ್ತೆಂಟರ ರೇಸಿನಲ್ಲಿ, ಕೋಲಾರ ಇನ್ನೂ ಸ್ವಲ್ಪ ದೂರವಿರುವಾಗ ಬರುವ ಕೆರೆ ಏರಿಯ ತಿರುವಿನಲ್ಲಿ, ಅಪ್ಪಾಜಪ್ಪನ ಕಾರಿನ ಎಡಗಡೆಯ ಚಕ್ರಗಳು ರಸ್ತೆ ಬಿಟ್ಟು ಜಾರಿದವು. ಬೇಸಿಗೆಯಾದ್ದರಿಂದ ಕೆರೆಯ ನೀರು ಕೆಳಗಿಳಿದಿತ್ತು, ಏರಿಯ ಕಲ್ಲುಗಳೆಲ್ಲ ಹೊರಗೆ ಕಾಣುತ್ತಿದ್ದವು. ಕಾರು ವಾಲಿತು, ಆದರೆ ಮಗುಚಲಿಲ್ಲ. ಅಪ್ಪಾಜಪ್ಪನ ಕೈಯಲ್ಲಿ ಸ್ಟೇರಿಂಗು ಇತ್ತು, ಅವನು ಉಳಿದ. ಕದಿರೇಶನ ಕೈಯಲ್ಲಿ ಬುಟ್ಟಿ ಇತ್ತು. ಅವನು ಬೆನ್ನಡಿಯಾಗಿ ಆ ಕಲ್ಲುಗಳ ಮೇಲೆ ಹೋಗಿ ಬಿದ್ದ. ಜನ ಓಡಿ ಹೋಗಿ ನೋಡುವಾಗ ಉಸಿರಿರಲಿಲ್ಲ. ಬುಟ್ಟಿಯನ್ನು ಎದೆಗೆ ಅವುಚಿಕೊಂಡೇ ಇದ್ದ. ಅದರಲ್ಲಿ ಒಂದು ಹಣ್ಣೂ ನಲುಗಿರಲಿಲ್ಲ.

ಈ ಕೊನೆಯ ಮಾತನ್ನು ನಮ್ಮ ಜನ ಹೋದಲ್ಲಿ ಬಂದಲ್ಲಿ ಹೇಳಿದರು. ಸಾವಿಗಿಂತ ಅದೇ ದೊಡ್ಡದೆಂಬಂತೆ ಹೇಳಿದರು. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೆ. ಮಣ್ಣು ಮಾಡಿ ಬಂದ ಮೇಲೆ ನಾವೆಲ್ಲ ಬೈರಮ್ಮನ ಮುಂದೆ ಕೂತಿದ್ದೆವು. ದೊಡ್ಡನಾರಾಯಣಪ್ಪನವರು ಕಣ್ಣೊರೆಸಿಕೊಂಡು, "ಒಂದು ಹಣ್ಣಿಗೂ ಏನೂ ಆಗಿರಲಿಲ್ಲ ತಾಯಿ, ಅಂಥ ಮಗನ್ನ ಹೆತ್ತೆ ನೀನು," ಎಂದರು. ಬೈರಮ್ಮ ಅಳುತ್ತಿದ್ದವಳು ಥಟ್ಟನೆ ನಿಲ್ಲಿಸಿ ಅವರ ಮುಖ ನೋಡಿದಳು.

"ಕಡೇವರೆಗೂ ಬಿಡಲಿಲ್ವಾ?" ಎಂದಳು.

"ಬಿಡಲಿಲ್ಲ."

ಆಮೇಲೆ ಆಕೆ ಅಳಲಿಲ್ಲ. ಹೆತ್ತವಳಿಗೆ ಅಷ್ಟರ ಮಟ್ಟಿಗೆ ಸಮಾಧಾನವಾಯಿತು ಎಂದು ನಾವು ತಿಳಿದುಕೊಂಡೆವು.

ಅಪ್ಪಾಜಪ್ಪ ಅವತ್ತಿನಿಂದ ಕಾರು ಮುಟ್ಟಲಿಲ್ಲ. ಮಾತೂ ನಿಂತಿತು. ಬೆಳಗಾದರೆ ಮನೆ ಬಿಟ್ಟು ಹೋಗುವನು, ಎಲ್ಲಾದರೂ ಒಂದು ಬದುವಿನ ಮೇಲೆ ಕೂರುವನು, ಕತ್ತಲಾದ ಮೇಲೆ ಬರುವನು. ತಾಯಿ ಇಕ್ಕಿದ್ದನ್ನು ತಲೆ ಎತ್ತದೆ ತಿನ್ನುವನು. ಒಂದು ಸಲ ಊರ ಬಾವಿಯ ಅಂಚಿನಿಂದ ಅವನನ್ನು ರಟ್ಟೆ ಹಿಡಿದು ಎಳೆದು ತಂದರಂತೆ. ಬೈರಮ್ಮ ಅವನನ್ನು ಬೈದು ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಒಳ್ಳೆಯದಿತ್ತೇನೋ. ತಮ್ಮನನ್ನು ಕೊಂದವನು ನಾನು ಎಂದು ಅವನೊಳಗೆ ಕೂತುಬಿಟ್ಟಿತ್ತು.

ಮೂವತ್ತೊಂಬತ್ತರ ಬೇಸಿಗೆ ಬಂತು. ಈ ವರ್ಷ ರೇಸು ಬೇಡ ಎಂದು ಕೆಲವರು ಅಂದರು, ನಿಲ್ಲಿಸಿದರೆ ಸತ್ತವನಿಗೆ ಅವಮಾನ ಎಂದು ಹಲವರು ಅಂದರು. ಹಲವರ ಮಾತೇ ನಡೆಯಿತು. ಒಂದು ದಿನ ಮುನಿರಾಮಪ್ಪ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

"ಅಪ್ಪಾಜಪ್ಪ ಬಂದಿದ್ದ. ಈ ಸಲ ನಾನೇ ಓಡಿಸ್ತೀನಿ ಅಂತಾನೆ."

"ಅವನಾ?" ಎಂದೆ.

"ಕೈ ಮುಗಿದು ಕೇಳ್ದ ಆಂಜಿನಪ್ಪ. ಹೆಂಗೆ ಇಲ್ಲ ಅನ್ಲಿ? ಒಬ್ನೇ ಹೋಗ್ತೀನಿ, ಬುಟ್ಟೀನ ಪಕ್ಕದ ಸೀಟಿಗೆ ಕಟ್ಟಿಬಿಡಿ ಅಂದ. ದೊಡ್ಡನಾರಾಯಣಪ್ಪನೋರು ಒಪ್ಪವ್ರೆ. ಅವನ ಮನೇಲಿ ಇನ್ಯಾರವ್ರೆ ಪಾಪ, ಈ ಸಲಕ್ಕೆ ನೇಮ ಬಿಡಾನ ಅಂದ್ರು."

ಎಲ್ಲರಿಗೂ ಸಂತೋಷವಾಗಿತ್ತು. ಹುಡುಗ ಎದ್ದು ಕೂತ, ಇನ್ನು ಸರಿಹೋಗುತ್ತಾನೆ ಎಂದು ಮಾತಾಡಿಕೊಂಡರು. ನನಗೆ ಮಾತ್ರ ಅದು ಸರಿ ಕಾಣಲಿಲ್ಲ. ವರ್ಷವಿಡೀ ಕಾರಿನ ನೆರಳಿಗೂ ನಿಲ್ಲದವನು, ಅದೇ ರಸ್ತೆ, ಅದೇ ತಿರುವು, ಪಕ್ಕದಲ್ಲಿ ಯಾರೂ ಬೇಡ ಎಂದರೆ ಏನರ್ಥ? ಅವನು ಗೆಲ್ಲಲು ಬರುತ್ತಿಲ್ಲ ಅನ್ನಿಸಿತು. ಬಾಯಿ ಬಿಟ್ಟು ಹೇಳಿದರೆ ಅಪಶಕುನ ನುಡಿದ ಎಂದು ನನ್ನನ್ನೇ ಜರಿಯುತ್ತಿದ್ದರು. ಮನೆಯಲ್ಲಿ ಶಾಮಲಮ್ಮನ ಹತ್ತಿರ ಹೇಳಿದೆ. ಅವಳು ಕೆಲಸ ಬಿಟ್ಟು ಕೂತು, "ಅವರಮ್ಮನಿಗೆ ಗೊತ್ತಾ?" ಎಂದು ಕೇಳಿದಳು.

ಗೊತ್ತಿತ್ತು. ರೇಸಿನ ಹಿಂದಿನ ದಿನ ಸಂಜೆಯ ಬಸ್ಸಿಗೆ ಬೈರಮ್ಮ ಬಂದು ಇಳಿದಳು. ನೆಟ್ಟಗೆ ನನ್ನ ಅಂಗಡಿಗೇ ಬಂದು, ಬಾಗಿಲಲ್ಲಿ ನಿಂತು, ಕುಶಲ ಗಿಶಲ ಏನೂ ಕೇಳದೆ ಮಾತು ತೆಗೆದಳು.

"ಆಂಜಿನಪ್ಪ, ನಾನು ಆ ಜಾಗ ನೋಡಿಲ್ಲ. ಅದು ಬಂತು ಅಂತ ನಂಗೆ ಹೆಂಗೆ ಗೊತ್ತಾಗುತ್ತೆ?"

"ಯಾವ ಜಾಗ ಬೈರಕ್ಕ?"

"ನನ್ ಮಗ ಬಿದ್ದ ಜಾಗ."

ನಾನು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟೆ. "ನೀವ್ಯಾಕೆ ಅಲ್ಲಿಗೆ?"

"ನಾಳೆ ಬುಟ್ಟಿ ನಾನು ಹಿಡ್ಕೋತೀನಿ. ಅವನಿಗೆ ಹೇಳಿಲ್ಲ. ಹೇಳಿದ್ರೆ ರಾತ್ರೀನೇ ಎಲ್ಲಿಗಾದ್ರೂ ಹೊರಟೋಗ್ತಾನೆ." ಬಾಗಿಲಿನಿಂದ ಒಳಗೆ ಬಂದು, "ಅವನು ಯಾಕೆ ಓಡಿಸ್ತಾವ್ನೆ ಅಂತ ನಂಗೆ ಗೊತ್ತು ಕಣಪ್ಪ. ಇರೋನು ಇವನೊಬ್ಬ," ಎಂದಳು.

ಆ ತಿರುವಿನಲ್ಲಿ ಈ ವರ್ಷ ಕಾರುಗಳಿಗೆ ಎಚ್ಚರಿಕೆ ಕೊಡಲು ಕೆಂಪು ಬಟ್ಟೆ ಹಿಡಿದು ನಿಲ್ಲುವವನು ನಾನೇ, ದೂರದಿಂದಲೇ ಕಾಣುತ್ತೇನೆ ಎಂದೆ. ಆಕೆ ತಲೆ ಆಡಿಸಿ, ಆ ರಾತ್ರಿ ನಮ್ಮ ಮನೆಯಲ್ಲೇ ಉಳಿದಳು. ಶಾಮಲಮ್ಮ ಏನು ಇಕ್ಕಿದರೂ ಮುಟ್ಟಲಿಲ್ಲ, ನೀರು ಮಾತ್ರ ಕುಡಿದಳು.

ಬೆಳಗ್ಗೆ ಕಾರುಗಳು ಸಾಲಾಗಿ ನಿಂತಿದ್ದವು, ಮುಂಭಾಗಕ್ಕೆ ಮಾವಿನೆಲೆ ಕಟ್ಟಿದ್ದರು. ಅಪ್ಪಾಜಪ್ಪ ಮೇಲಿನ ಹುಡ್ಡು ಬಿಚ್ಚಿದ ಫೋರ್ಡು ಕಾರಿನಲ್ಲಿ ಕೂತಿದ್ದ. ಗಡ್ಡ ಹೆರೆದು ಬಂದಿದ್ದ, ಒಗೆದ ಅಂಗಿ ಹಾಕಿದ್ದ. ವರ್ಷದ ಮೇಲೆ ಅವನನ್ನು ಅಷ್ಟು ಅಚ್ಚುಕಟ್ಟಾಗಿ ಕಂಡದ್ದೇ ನನ್ನ ಭಯವನ್ನು ಹೆಚ್ಚಿಸಿತು. ಮುನಿರಾಮಪ್ಪನ ಆಳು ಬುಟ್ಟಿಯನ್ನು ಹಗ್ಗದಿಂದ ಸೀಟಿಗೆ ಕಟ್ಟಲು ಬಗ್ಗುತ್ತಿದ್ದಂತೆ ಬೈರಮ್ಮ ಜನರ ನಡುವಿನಿಂದ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಆಳಿನ ಕೈಯಿಂದ ಬುಟ್ಟಿ ತೆಗೆದುಕೊಂಡು, ಕಾರು ಹತ್ತಿ, ಸೀಟಿನಲ್ಲಿ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡಳು.

ಅಪ್ಪಾಜಪ್ಪನ ಮುಖ ಬಿಳಿಚಿತು. "ಇಳಿ," ಎಂದ. ವರ್ಷಕ್ಕೆ ಅವನು ತಾಯಿಯ ಜೊತೆ ಆಡಿದ ಮೊದಲ ಮಾತು ಅದು.

ದೊಡ್ಡನಾರಾಯಣಪ್ಪನವರು ಓಡಿಬಂದರು. "ಏನಮ್ಮಾ ಇದು? ಹೆಂಗಸರು ಇದುವರ್ಗೂ ಕೂತಿಲ್ಲ."

"ಸ್ವಂತ ಮನೆಯೋರು ಕೂರ್ಬೇಕು ಅಂತ ನೇಮ ಇಟ್ಟೋರು ನೀವು. ನಮ್ಮನೇಲಿ ಇನ್ಯಾರವ್ರೆ, ನೀವೇ ಹೇಳಿ ಸ್ವಾಮಿ," ಎಂದಳು ಬೈರಮ್ಮ. ಆಕೆ ದನಿ ಎತ್ತಿರಲಿಲ್ಲ. ದೊಡ್ಡನಾರಾಯಣಪ್ಪನವರು ಮುಂಡಾಸು ಸರಿಮಾಡಿಕೊಂಡು ಹಿಂದಕ್ಕೆ ಸರಿದರು.

ಬಟ್ಟೆ ಹಿಡಿಯುವ ನಮ್ಮನ್ನು ದಾರಿಯಲ್ಲಿ ಅಲ್ಲಲ್ಲಿ ಇಳಿಸುತ್ತಾ ಹೋಗುವ ಲಾರಿ ಕಾರುಗಳಿಗಿಂತ ಮುಂಚೆ ಹೊರಡುತ್ತಿತ್ತು. ನಾನು ಹತ್ತಿದೆ. ಏರಿಯ ತಿರುವಿನಲ್ಲಿ ಇಳಿದು, ಕೆಂಪು ಬಟ್ಟೆ ಹಿಡಿದು, ಹೊಂಗೆ ಮರದ ಕೆಳಗೆ ನಿಂತೆ. ಕೆರೆಯಲ್ಲಿ ಎಮ್ಮೆಗಳು ಬಿದ್ದುಕೊಂಡಿದ್ದವು. ಕಲ್ಲುಗಳ ಕಡೆಗೆ ನೋಡಬಾರದು ಅಂದುಕೊಂಡೆ, ನೋಡಿದೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಕೊನೆಗೆ ದೂರದಲ್ಲಿ ಧೂಳು ಎದ್ದಿತು.

ಎಲ್ಲರಿಗಿಂತ ಮುಂದೆ ಬರುತ್ತಿದ್ದುದು ಫೋರ್ಡು. ಉಳಿದವರು ಕಣ್ಣಿಗೇ ಕಾಣದಷ್ಟು ಹಿಂದಿದ್ದರು. ಅಂಥ ಓಟ ನಾನು ಮುಂಚೆ ಕಂಡಿಲ್ಲ, ಆಮೇಲೂ ಕಂಡಿಲ್ಲ. ರಸ್ತೆಯ ಮಧ್ಯಕ್ಕೇ ಬಂದು ಬಟ್ಟೆ ಬೀಸಿದೆ, ನಿಧಾನ ನಿಧಾನ ಎಂದು ಕಿರುಚಿದೆ. ಅಪ್ಪಾಜಪ್ಪ ನನ್ನನ್ನು ನೋಡುತ್ತಲೇ ಇರಲಿಲ್ಲ. ಅವನು ತಾಯಿಯ ಕಡೆ ತಿರುಗಿ ಏನೋ ಕೂಗುತ್ತಿದ್ದ. ಬೈರಮ್ಮ ಮುಂದೆ ನೋಡುತ್ತಾ, ಎರಡೂ ಕೈಯಿಂದ ಬುಟ್ಟಿಯನ್ನು ತಬ್ಬಿಕೊಂಡು, ಅಲ್ಲಾಡದೆ ಕೂತಿದ್ದಳು. ನನ್ನ ಕೆಂಪು ಬಟ್ಟೆ ಆಕೆಗೆ ಕಂಡಿತೆಂದು ನನಗೆ ಗೊತ್ತಾಯಿತು. ಬುಟ್ಟಿಯನ್ನು ಇನ್ನೂ ಬಿಗಿಯಾಗಿ ಎದೆಗೆ ಎಳೆದುಕೊಂಡಳು. ನಾನು ಕಣ್ಣು ಮುಚ್ಚಿದೆ.

ಬ್ರೇಕು ಕಿರುಗುಟ್ಟಿತು. ಕಣ್ಣು ಬಿಟ್ಟಾಗ ಕಾರು ಅಡ್ಡಡ್ಡ ತಿರುಗಿ, ಒಂದು ಚಕ್ರ ಏರಿಯ ಅಂಚಿಗೆ ಬಂದು ನಿಂತಿತ್ತು. ಧೂಳಿನಲ್ಲಿ ಇಬ್ಬರೂ ಕಾಣಲಿಲ್ಲ, ಅಪ್ಪಾಜಪ್ಪನ ಕೂಗು ಮಾತ್ರ ಕೇಳಿಸಿತು.

"ಬಾಗಿಲು ಹಿಡ್ಕೋ ಹಿಡ್ಕೋ ಅಂತ ಊರು ಬಿಟ್ಟಾಗ್ನಿಂದ ಬಡ್ಕೋತಾ ಇದೀನಿ! ಯಾಕೆ ಹಿಡ್ಕೊಳ್ಳಲ್ಲ ನೀನು? ಸಾಯ್ಬೇಕಾ ನಿಂಗೆ?"

"ನಿಂಗೆ?" ಎಂದಳು ಬೈರಮ್ಮ.

ನಾನು ಓಡಿ ಹೋಗಿ ಕಾರಿನ ಹತ್ತಿರ ನಿಂತೆ. ಬೈರಮ್ಮ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೆಳಗಿನ ಕಲ್ಲುಗಳನ್ನು ನೋಡಿದಳು, ಆಮೇಲೆ ಮಗನನ್ನು ನೋಡಿದಳು.

"ಅವನಿಗೂ ನೀನು ಕೂಗಿದ್ಯಾ, ಬಾಗಿಲು ಹಿಡ್ಕೋ ಅಂತ?"

"ಕೂಗ್ದೆ ಅಮ್ಮ. ಚಕ್ರ ಜಾರ್ತಿದ್ದಂಗೇ ಕೂಗ್ದೆ. ಅವನು ಹಿಡ್ಕೊಳ್ಳಲಿಲ್ಲ. ನನ್ನ ಮುಖ ನೋಡ್ದ, ಹಿಡ್ಕೊಳ್ಳಲಿಲ್ಲ."

"ಅವನು ಹಿಡ್ಕೊಳ್ಳಲ್ಲ ನಾಯನಾ. ನಾನು ಭಾಷೆ ತಗೊಂಡಿದ್ದೆ."

ನನಗೆ ಅರ್ಥವಾಗಲಿಲ್ಲ. ಅಪ್ಪಾಜಪ್ಪನಿಗೂ ಆಗಲಿಲ್ಲ. ಬೈರಮ್ಮ ಒಂದೊಂದೇ ಮಾತನ್ನು ಕಷ್ಟಪಟ್ಟು ಎತ್ತಿಡುವಂತೆ ಹೇಳಿದಳು.

"ಅವತ್ತು ಮನೆ ಬಿಡೋವಾಗ ನೀನು ಮುಂದೆ ಹೋದೆ. ಅವನ್ನ ಹೊಸ್ಲಲ್ಲಿ ನಿಲ್ಲಿಸ್ಕೊಂಡೆ. ನಿಮ್ಮಣ್ಣನ ಮಾನ ನಿನ್ ಕೈಲೈತೆ, ಏನಾದ್ರೂ ಆಗ್ಲಿ ಬುಟ್ಟಿ ಬಿಡಬೇಡ, ಬಾಗಿಲು ಹಿಡ್ಕೊಂಡು ನಾಲ್ಕು ಜನರ ಕೈಲಿ ಪುಕ್ಕಲ ಅನ್ನಿಸ್ಕೋಬೇಡ ಅಂದೆ. ನನ್ನ ಕೈ ಮೇಲೆ ಕೈ ಇಡಿಸ್ಕೊಂಡೆ. ನಗ್ತಾ ಇಟ್ಟ. ಅವನು ನನ್ನ ಮಾತು ಮೀರ್ದೋನಲ್ಲ ಅಂತ ನಿಂಗೆ ಗೊತ್ತಲ್ಲ. ನೀನು ಕಾರು ಜಾರ್ಸಿದೆ, ನಿಜ. ಆದ್ರೆ ಅವನಿಗೆ ಹಿಡ್ಕೊಳ್ಳೋಕೆ ಬಾಗಿಲಿತ್ತು, ನೀನಿದ್ದೆ. ಅವನ ಕೈ ಕಟ್ಟಿದ್ದು ನಾನು ಕಣೋ."

ಗೆದ್ದ ಮಕ್ಕಳ ತಾಯಿ ಎನ್ನಿಸಿಕೊಳ್ಳುವ ಆಸೆ ಆಕೆಗೂ ಇತ್ತು, ಅಷ್ಟೇ. ನಮಗೆಲ್ಲ ಇದ್ದ ಆಸೆಯೇ.

"ವರ್ಷದಿಂದ ಬಾಯಿಗೆ ಬಂದು ಬಂದು ನುಂಗ್ದೆ," ಎಂದಳು ಬೈರಮ್ಮ. "ಹೇಳಿದ್ರೆ ನೀನೂ ನನ್ನ ಬಿಟ್ಟೋಗ್ತೀಯ ಅನ್ನೋ ಭಯ. ಈಗ ಹೇಳ್ದೆ. ನನ್ನ ಬೇಕಾದ್ರೆ ಇಲ್ಲೇ ಇಳ್ಸು. ನನ್ ಮುಖ ನೋಡಬೇಡ, ನನ್ ಕೈ ಅನ್ನ ಉಣ್ಣಬೇಡ. ಎಲ್ಲಾದ್ರೂ ಬದುಕಿರು."

ಹಿಂದಿನಿಂದ ಹಾರನ್ ಕೇಳಿಸಿತು. ಕೋಲಾರದವರ ಕಾರು ಬಂದು, ನಮ್ಮನ್ನು ಕಂಡು ನಿಧಾನಿಸಿ, ನಾನು ಕೈ ಬೀಸಿದ ಮೇಲೆ ಮುಂದಕ್ಕೆ ಹೋಯಿತು. ಆಮೇಲೆ ಮಾಲೂರಿನವರು ಹೋದರು. ಪ್ರತಿ ಕಾರಿನಲ್ಲೂ ಒಬ್ಬ ತಮ್ಮನೋ, ಭಾವಮೈದನೋ ಬುಟ್ಟಿ ತಬ್ಬಿಕೊಂಡು ಕೂತಿದ್ದ. ಅವರ ಕೈಗಳನ್ನು ನಾನು ಅದುವರೆಗೆ ಹಾಗೆ ನೋಡಿರಲಿಲ್ಲ. ಎಲ್ಲರೂ ಹೋಗುವವರೆಗೆ ಅಪ್ಪಾಜಪ್ಪ ತಲೆ ಬಗ್ಗಿಸಿಕೊಂಡೇ ಇದ್ದ. ಅವನು ತಾಯಿಯನ್ನು ಹೊಡೆಯುತ್ತಾನೋ, ಎದ್ದು ಕೆರೆಗೆ ಹಾರುತ್ತಾನೋ ನನಗೆ ತಿಳಿಯಲಿಲ್ಲ. ಎರಡಕ್ಕೂ ಸಿದ್ಧನಾಗಿ ಬಾಗಿಲ ಹತ್ತಿರವೇ ನಿಂತಿದ್ದೆ.

ಧೂಳು ಅಡಗಿದ ಮೇಲೆ ಅವನು ಇಳಿದ. ಕಾರಿನ ಮುಂದಿನಿಂದ ಸುತ್ತಿ ತಾಯಿಯ ಕಡೆಗೆ ಬಂದ. ಬೈರಮ್ಮ ಬಾಗಿಲು ತೆಗೆದು ಇಳಿಯಲು ಕಾಲು ಹೊರಗಿಟ್ಟಳು. ಅವನು ಆ ಕಾಲನ್ನು ಹಿಡಿದು ಮತ್ತೆ ಒಳಗಿಟ್ಟ. ಆಮೇಲೆ ಆಕೆಯ ತೊಡೆಯ ಮೇಲಿನ ಬುಟ್ಟಿಗೆ ಕೈ ಹಾಕಿದ. ಆಕೆ ಬಿಡಲಿಲ್ಲ. ಬೇಕೆಂದು ಬಿಡಲಿಲ್ಲವೋ, ಬೆರಳುಗಳು ಸೆಟೆದಿದ್ದವೋ ಹೇಳಲಾರೆ. ಅವನು ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿದ. ಬುಟ್ಟಿಯನ್ನು ತಂದು ರಸ್ತೆಯ ಪಕ್ಕದಲ್ಲಿ, ಹೊಂಗೆ ಮರದ ಬುಡದಲ್ಲಿ ಇಟ್ಟ. ನನ್ನ ಮುಖ ನೋಡಿದ. ಧೂಳು ಮೆತ್ತಿದ ಅವನ ಕೆನ್ನೆಗಳು ಒದ್ದೆಯಾಗಿದ್ದವು.

ಮತ್ತೆ ಹೋಗಿ ಬಾಗಿಲು ಹಾಕಿದ. ತಾಯಿಯ ಬಲಗೈ ತೆಗೆದು ಬಾಗಿಲಿನ ಮೇಲಿಟ್ಟ. ಎಡಗೈ ತೆಗೆದು ಅದರ ಪಕ್ಕದಲ್ಲಿಟ್ಟ. ಆ ಎರಡೂ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಅದುಮಿ ಹಿಡಿದ.

"ಇಲ್ಲಿ ಹಿಡ್ಕೊ ಅಮ್ಮ," ಎಂದ. "ಗಟ್ಟಿಯಾಗಿ ಹಿಡ್ಕೊ. ಯಾರು ಏನಾದ್ರೂ ಅಂದ್ಕೊಳ್ಳಲಿ, ಬಿಡಬೇಡ."